ರಾಗಿ ಡಬ್ಬಿಯ ಸದ್ದು

ನಮ್ಮ ಕಡೆ ಮಗುವಿಗೆ ಮಾತು ತಡವಾದರೆ ಮೊದಲು ಹುಡುಕೋದು ಬಜೆ ಬೇರನ್ನ. ತೇಯುವ ಕಲ್ಲಿನ ಮೇಲೆ ಎರಡು ಸುತ್ತು ತೇದು, ಬೆರಳ ತುದಿಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದರೆ ಮಾತು ಚುರುಕಾಗುತ್ತೆ ಅನ್ನೋದು ಅಜ್ಜಿಯರ ಕಾಲದ ನಂಬಿಕೆ. ಈಗಿನ ಮಕ್ಕಳ ಡಾಕ್ಟರುಗಳು ಬೇಡ ಅಂತಾರೆ. ಆದರೂ ನನ್ನ ತಂಗಿ ಮಗನಿಗೆ ಎರಡೂವರೆ ವರ್ಷವಾದರೂ ಮಾತು ಸರಿಯಾಗಿ ಬರದೇ ಹೋದಾಗ ನಮ್ಮವ್ವ ಊರಿಂದ ಸೆರಗಿನ ತುದಿಯಲ್ಲಿ ಬಜೆ ಬೇರು ಕಟ್ಟಿಕೊಂಡೇ ಬಂದಿದ್ದಳು. "ನಾಲಗೆ ಒಸಿ ದಪ್ಪ ಅಷ್ಟೆ, ಬತ್ತದೆ ಬುಡು. ಅವರಪ್ಪನೂ ಹಿಂಗೇ ಅಂತೆ, ನಾಕು ವರ್ಸಕ್ಕೆ ಮಾತಾಡಿದ್ದು."

ತಂಗಿಯನ್ನ ಕೊಟ್ಟಿರೋದು ಮೊಸಳೆಗೆ. ಹಾಸನದಿಂದ ಹೊಳೆನರಸೀಪುರದ ಕಡೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರು. ಹೊಯ್ಸಳರ ಕಾಲದ ಜೋಡಿ ದೇವಸ್ಥಾನ ನೋಡೋಕೆ ಅಂತ ನೀವೂ ಒಮ್ಮೆ ಬಂದಿರಬಹುದು. ಆ ಮನೆಯಲ್ಲಿ ಹುಡುಗನ ಕಿವಿಯ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಯಾಕೆಂದರೆ ಮೊಸಳೆ ಹೊಸಹಳ್ಳಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿದರೆ ಅವನು ಆಡ್ತಾ ಇದ್ದದ್ದು ಬಿಟ್ಟು ಬಾಗಿಲಿಗೆ ಓಡ್ತಿದ್ದ. ಟ್ರ್ಯಾಕ್ಟರ್ ಬಂದರೆ ಎದ್ದು ನಿಲ್ತಿದ್ದ. ಹಬ್ಬದಲ್ಲಿ ತಮಟೆ ಬಡಿದರೆ ಕುಣೀತಿದ್ದ. ಇನ್ನೇನು ಬೇಕು?

ಅವನು ತನ್ನ ಊರಿನ ಹೆಸರನ್ನ "ಮೊ-ಅಳೆ" ಅಂತಿದ್ದ. ನಾವೆಲ್ಲ ನಕ್ಕು, ಇನ್ನೊಂದ್ಸಲ ಹೇಳು ಅಂತ ಹೇಳಿಸಿ, ಮತ್ತೆ ನಗ್ತಿದ್ದೆವು. ಚಿಕ್ಕ ಮಕ್ಕಳಿಗೆ ಕಷ್ಟವಾದ ಅಕ್ಷರ ಅಂದರೆ ಸಾಮಾನ್ಯವಾಗಿ ಳ. ಇವನು ಳ ಹೇಳ್ತಿದ್ದ, ಹೇಳದೇ ಬಿಡ್ತಿದ್ದದ್ದು ಸ. ಅದು ನಮಗೆ ಯಾರಿಗೂ ಹೊಳೆಯಲಿಲ್ಲ. ತಂಗಿ ಮಾತ್ರ ಒಂದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರೂ ಬೆನ್ನು ತಟ್ಟಿ, ಗಂಡುಮಕ್ಕಳು ತಡ, ನಾಲ್ಕು ವರ್ಷದವರೆಗೂ ಕಾಯಿರಿ ಅಂದು ಕಳಿಸಿದ್ದರು.

ಮೂರು ತುಂಬುತ್ತಿದ್ದ ಹಾಗೆ ಹುಡುಗನನ್ನ ಊರಿನ ಅಂಗನವಾಡಿಗೆ ಬಿಟ್ಟರು. ಒಂದು ತಿಂಗಳಾಗಿರಬೇಕು. ನಾನು ಆವತ್ತು ಊರಲ್ಲೇ ಇದ್ದೆ, ಮಧ್ಯಾಹ್ನ ಕರೆದುಕೊಂಡು ಬರೋಕೆ ಹೋದೆ. ಟೀಚರಮ್ಮ ನನ್ನನ್ನ ನಿಲ್ಲಿಸಿಕೊಂಡು, ಮೂಲೆಯಿಂದ ಎಂಟು ಡಬ್ಬಿ ತಂದು ಚಾಪೆ ಮೇಲೆ ಇಟ್ಟರು. ಹಳೇ ಪೌಡರ್ ಡಬ್ಬಿಗಳು. ಎಲ್ಲದಕ್ಕೂ ಒಂದೇ ಬಣ್ಣದ ಕಾಗದ ಅಂಟಿಸಿ ಬಾಯಿ ಮುಚ್ಚಿತ್ತು. ಎರಡರಲ್ಲಿ ರಾಗಿ, ಎರಡರಲ್ಲಿ ಅವರೆ ಬೀಜ, ಎರಡರಲ್ಲಿ ಹುಣಸೆ ಬೀಜ, ಎರಡರಲ್ಲಿ ನುಣ್ಣನೆ ಮರಳು. ಅಲ್ಲಾಡಿಸಿ, ಸದ್ದು ಕೇಳಿ, ಜೋಡಿ ಮಾಡೋ ಆಟ.

ಹುಡುಗ ಕೂತ. ಅವರೆ ಡಬ್ಬಿಗಳನ್ನ ಅಲ್ಲಾಡಿಸಿದ, ಜೋಡಿ ಮಾಡಿದ. ಹುಣಸೆ ಬೀಜದ್ದನ್ನೂ ಮಾಡಿದ. ರಾಗಿ ಡಬ್ಬಿ ಕೈಗೆ ಬಂದಾಗ ಒಮ್ಮೆ ಅಲ್ಲಾಡಿಸಿದ, ಇನ್ನೊಮ್ಮೆ ಅಲ್ಲಾಡಿಸಿದ, ಆಮೇಲೆ ಡಬ್ಬಿಯನ್ನ ಕೆನ್ನೆಗೆ ಒತ್ತಿ ಹಿಡಿದು ಅಲ್ಲಾಡಿಸಿದ. ಕೊನೆಗೆ ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದ. ಅವನಿಗಿಂತ ಚಿಕ್ಕ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಅದನ್ನ ಎರಡು ನಿಮಿಷದಲ್ಲಿ ಮುಗಿಸಿದಳು.

"ಇವನಿಗೆ ಬುದ್ಧಿ ಕಮ್ಮಿ ಇಲ್ಲ ಸಾರ್," ಅಂದರು ಟೀಚರಮ್ಮ. "ದೊಡ್ಡ ಕಾಳಿಂದು ಆಯ್ತದೆ, ಸಣ್ಣದು ಆಗಲ್ಲ. ಎಂಟು ದಿನದಿಂದ ನೋಡ್ತಾ ಇವ್ನಿ. ನಾಲಗೆ ಬುಡಿ, ಒಂದ್ಸಲ ಕಿವಿ ತೋರಿಸಿ."

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡೋನು. ಆವತ್ತು ಅಲ್ಲಿ ನಿಂತಾಗ ಇತಿಹಾಸ ಏನೂ ನೆನಪಾಗಲಿಲ್ಲ, ಹೊಟ್ಟೆಯೊಳಗೆ ತಣ್ಣಗಾಯಿತು ಅಷ್ಟೆ. ಆದರೆ ಮುಂದೆ ಆಸ್ಪತ್ರೆಯ ಬೆಂಚುಗಳ ಮೇಲೆ ಕಾಯ್ತಾ ಕೂತಾಗ ಆ ಡಬ್ಬಿಗಳ ಯೋಚನೆ ಹತ್ತಿತು. ಇವು ಎಲ್ಲಿಂದ ಬಂದವು? ಹಾಸನ ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ರಾಗಿ ತುಂಬಿದ ಡಬ್ಬಿ ಅಲ್ಲಾಡಿಸಿ ಮಗುವಿನ ಬುದ್ಧಿ ಬೆಳೆಸಬಹುದು ಅಂತ ಮೊದಲು ಯಾರಿಗೆ ಅನ್ನಿಸಿತು? ಟೀಚರಮ್ಮನ್ನ ಕೇಳಿದರೆ "ಟ್ರೇನಿಂಗಲ್ಲಿ ಹೇಳಿಕೊಟ್ಟರು" ಅಂದರು. ಅವರಿಗೆ ಹೇಳಿಕೊಟ್ಟವರಿಗೆ ಯಾರು ಹೇಳಿಕೊಟ್ಟರು ಅಂತ ಹಿಂದೆ ಹಿಂದೆ ಹೋದೆ. ಹೋಗಿ ನಿಂತದ್ದು ಪ್ಯಾರಿಸ್ಸಿನ ಒಂದು ಕಿವುಡರ ಶಾಲೆಯಲ್ಲಿ!

ಕ್ರಿ.ಶ. 1800. ಫ್ರಾನ್ಸಿನ ಅವೆರಾನ್ ಅನ್ನೋ ಸೀಮೆಯಲ್ಲಿ ಕಾಡಿನಲ್ಲಿ ಒಬ್ಬನೇ ಬದುಕಿದ್ದ ಹುಡುಗನೊಬ್ಬ ಸಿಕ್ಕಿದ. ಹನ್ನೆರಡರ ಆಸುಪಾಸಿನ ವಯಸ್ಸು, ಮಾತಿಲ್ಲ. ಅವನನ್ನ ಪ್ಯಾರಿಸ್ಸಿಗೆ ತಂದು ಕಿವುಡ ಮೂಗರ ಸಂಸ್ಥೆಯಲ್ಲಿ ಇಟ್ಟರು. ದೊಡ್ಡ ದೊಡ್ಡ ಪಂಡಿತರು ನೋಡಿ, ಇವನು ಹುಟ್ಟು ಪೆದ್ದ, ಏನೂ ಮಾಡೋಕಾಗಲ್ಲ ಅಂದರು. ಅಲ್ಲಿನ ವೈದ್ಯ ಇಟಾರ್ ಮಾತ್ರ ಒಪ್ಪಲಿಲ್ಲ. ಅವನಿಗೆ ಆಗ ಇಪ್ಪತ್ತಾರು ವರ್ಷ. ಹುಡುಗನಿಗೆ ವಿಕ್ಟರ್ ಅಂತ ಹೆಸರಿಟ್ಟು ಐದು ವರ್ಷ ಅವನ ಜೊತೆ ಹೆಣಗಿದ.

ಇಟಾರ್ ಬರೆದಿಟ್ಟ ಒಂದು ಸಂಗತಿ ನನಗೆ ಮರೆಯೋಕಾಗದು. ವಿಕ್ಟರನ ಬೆನ್ನ ಹಿಂದೆ ಪಿಸ್ತೂಲು ಹಾರಿಸಿದರೂ ಅವನು ಹೆಚ್ಚುಕಮ್ಮಿ ಅಲುಗುತ್ತಿರಲಿಲ್ಲ. ಅದೇ, ಅವನಿಗಿಷ್ಟವಾದ ಅಕ್ರೋಟು ಕಾಯನ್ನ ಯಾರಾದರೂ ಮೆಲ್ಲಗೆ ಒಡೆದರೆ ತಟ್ಟನೆ ತಿರುಗುತ್ತಿದ್ದ. ಅಂದರೆ ಅವನ ಕಿವಿಗೆ ಏನೂ ಆಗಿರಲಿಲ್ಲ. ಯಾವ ಸದ್ದಿಗೆ ಅರ್ಥ ಇದೆಯೋ ಅದನ್ನ ಮಾತ್ರ ಅವನ ಮನಸ್ಸು ಒಳಗೆ ಬಿಟ್ಟುಕೊಳ್ಳುತ್ತಿತ್ತು. ನಮ್ಮ ಹುಡುಗನದು ಇದಕ್ಕೆ ಪೂರ್ತಿ ಉಲ್ಟಾ. ಅವನ ಮನಸ್ಸು ಎಲ್ಲ ಸದ್ದಿಗೂ ಬಾಗಿಲು ತೆಗೆದುಕೊಂಡೇ ಕೂತಿತ್ತು, ಕೆಲವು ಸದ್ದುಗಳು ಬಾಗಿಲವರೆಗೂ ಬರ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ: ಮಾತಾಡದ ಹುಡುಗ. ಎರಡನ್ನೂ ಬೇರೆ ಮಾಡಿ ನೋಡೋಕೆ ಒಂದೊಂದೇ ಇಂದ್ರಿಯವನ್ನ ಬಿಡಿಬಿಡಿಯಾಗಿ ಪರೀಕ್ಷೆ ಮಾಡಬೇಕು. ಇಟಾರ್ ಮಾಡಿದ್ದು ಅದನ್ನೇ. ಬಿಸಿನೀರಿನಿಂದ ಚರ್ಮವನ್ನ ಎಚ್ಚರಿಸಿದ. ಕಣ್ಣಿಗೆ ಬಟ್ಟೆ ಕಟ್ಟಿ ಕಿವಿಗೆ ಸದ್ದುಗಳ ವ್ಯತ್ಯಾಸ ಕಲಿಸಿದ. ವಿಕ್ಟರ್ ಸರಿಯಾಗಿ ಮಾತು ಕಲಿಯಲೇ ಇಲ್ಲ. ತಾನು ಸೋತೆ ಅಂತಲೇ ಇಟಾರ್ ಅಂದುಕೊಂಡ.

ಆದರೆ ವಿಧಾನ ಉಳಿಯಿತು. ಇಟಾರನ ಶಿಷ್ಯ ಸೆಗಾನ್ ಅದನ್ನ ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸೋ ಪದ್ಧತಿಯಾಗಿ ಬೆಳೆಸಿದ. ಐವತ್ತು ಅರವತ್ತು ವರ್ಷ ಕಳೆದ ಮೇಲೆ ಇಟಲಿಯಲ್ಲಿ ಮಾರಿಯಾ ಮಾಂಟೆಸ್ಸೊರಿ ಅನ್ನೋ ಯುವ ವೈದ್ಯೆ ಇವರಿಬ್ಬರ ಬರಹಗಳನ್ನ ಹುಡುಕಿ ತೆಗೆದು, ಒಂದೊಂದು ಮಾತನ್ನೂ ಅಳೆದು ಓದಬೇಕು ಅಂತ, ಇಡಿಯಾಗಿ ತನ್ನ ಭಾಷೆಗೆ ಕೈಬರಹದಲ್ಲೇ ಇಳಿಸಿಕೊಂಡಳು. ಬುದ್ಧಿ ಕಮ್ಮಿ ಅನ್ನಿಸಿಕೊಂಡ ಮಕ್ಕಳೇ ಈ ದಾರಿಯಲ್ಲಿ ಇಷ್ಟು ಕಲಿಯೋದಾದರೆ, ಎಲ್ಲ ಮಕ್ಕಳಿಗೂ ಯಾಕೆ ಬೇಡ ಅನ್ನೋದು ಅವಳ ಪ್ರಶ್ನೆ. 1907ರ ಜನವರಿ 6ರಂದು ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದಳು. ನುಣುಪು-ಒರಟು ಹಲಗೆ, ತೂಕದ ಬಿಲ್ಲೆ, ಬಣ್ಣದ ಪಟ್ಟಿ, ಅಲ್ಲಾಡಿಸಿ ಜೋಡಿ ಮಾಡುವ ಸದ್ದಿನ ಡಬ್ಬಿ. ಹೌದು, ನಮ್ಮ ರಾಗಿ ಡಬ್ಬಿಯ ಮುತ್ತಜ್ಜಿ ಅದೇ.

ಆಕೆ ಭಾರತಕ್ಕೆ ಬಂದದ್ದು 1939ರಲ್ಲಿ, ಥಿಯಾಸಫಿಕಲ್ ಸೊಸೈಟಿ ಕರೆದದ್ದಕ್ಕೆ ಮದರಾಸಿನ ಅಡ್ಯಾರಿಗೆ. ಮುಂದಿನ ವರ್ಷ ಇಟಲಿ ಯುದ್ಧಕ್ಕೆ ಇಳಿದದ್ದೇ, ಬ್ರಿಟಿಷರ ಲೆಕ್ಕದಲ್ಲಿ ಇವರು ಶತ್ರು ದೇಶದವರು. ಮಗ ಮಾರಿಯೋನನ್ನ ಬಂಧನದಲ್ಲಿಟ್ಟರು, ಅವಳ ಓಡಾಟಕ್ಕೂ ಕಟ್ಟು ಹಾಕಿದರು. ಅವಳ ಎಪ್ಪತ್ತನೇ ಹುಟ್ಟಿದ ಹಬ್ಬಕ್ಕೆ ವೈಸರಾಯ್ ಉಡುಗೊರೆ ಅಂತ ಮಗನನ್ನ ಬಿಟ್ಟುಕೊಟ್ಟನಂತೆ! ಕೆಲವೇ ತಿಂಗಳಿಗೆ ಅಂತ ಬಂದವಳು 1946ರವರೆಗೂ ಇಲ್ಲೇ ಉಳಿದಳು. ಅಡ್ಯಾರಿನಲ್ಲಿ, ಕೊಡೈಕನಾಲಿನಲ್ಲಿ, ಅಹಮದಾಬಾದಿನಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟಳು. ಹುಟ್ಟಿದ ದಿನದಿಂದ ಮೂರು ವರ್ಷದವರೆಗೆ ಮಗುವಿನ ಮನಸ್ಸು ಸುತ್ತಲಿನದನ್ನ ಹೇಗೆ ಹೀರಿಕೊಳ್ಳುತ್ತೆ ಅನ್ನೋದರ ಬಗ್ಗೆ ಅವಳು ಹೆಚ್ಚು ಯೋಚಿಸಿದ್ದು ಈ ವರ್ಷಗಳಲ್ಲೇ. ಅದರ ಮೇಲಿನ ಅವಳ ಪುಸ್ತಕ 1949ರಲ್ಲಿ ಅಚ್ಚಾದದ್ದೂ ಅಡ್ಯಾರಿನಲ್ಲೇ.

ಆದರೆ ಮಾಂಟೆಸ್ಸೊರಿ ಸಾಮಾನು ದುಬಾರಿ. ನುಣ್ಣಗೆ ಕಡೆದ ಮರದ ಆಟಿಕೆ ಯಾವ ಹಳ್ಳಿಗೆ ಸಿಗುತ್ತೆ? ಆ ಗಂಟು ಬಿಡಿಸಿದವರು ನಮ್ಮವರು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಮಕ್ಕಳ ಕೆಲಸಕ್ಕೆ ನಿಂತ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ, ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಅನ್ನೋ ಕಡಲ ತೀರದ ಊರಿಗೆ ಹೋದರು. ಜೊತೆಗೆ ಅನುತಾಯಿ ವಾಘ್. ಅಲ್ಲಿ ಮರದ ಸಾಮಾನಿನ ಬದಲು ಚಿಪ್ಪು, ಬೀಜ, ಎಲೆ, ಕಡ್ಡಿ, ಕಲ್ಲು ಬಂದವು. ನೋಡಿ, ಮುಟ್ಟಿ, ಅಲ್ಲಾಡಿಸಿ, ಮೂಸಿ ಕಲಿಯೋಕೆ ಇಷ್ಟು ಸಾಕು ಅಂತ ತೋರಿಸಿದರು.

ಇನ್ನೊಂದು ತೊಡಕಿತ್ತು. ಊರ ನಡುವೆ ಬಾಲವಾಡಿ ಮಾಡಿದರೆ ದಲಿತರ ಕೇರಿಯ ಮಕ್ಕಳು ಬರ್ತಿರಲಿಲ್ಲ, ಬಂದರೂ ಉಳಿದವರು ಒಪ್ಪುತ್ತಿರಲಿಲ್ಲ. ಆಗ ಆ ಹೆಂಗಸರು ಬಾಲವಾಡಿಯನ್ನೇ ಹೊತ್ತುಕೊಂಡು ಕೇರಿಯ ಅಂಗಳಕ್ಕೆ ಹೋದರು. ಅಂಗಳದಲ್ಲಿ ನಡೆಯೋ ಬಾಲವಾಡಿ ಆದ್ದರಿಂದ ಅದು ಅಂಗನವಾಡಿ. ದಿನಾ ಬಾಯಲ್ಲಿ ಬರೋ ಈ ಪದದ ಹೊಟ್ಟೆಯಲ್ಲಿ ಇಷ್ಟು ಕಥೆ ಇದೆ ಅಂತ ನನಗಂತೂ ಗೊತ್ತಿರಲಿಲ್ಲ. ಮಗು ಶಾಲೆಗೆ ಬರದಿದ್ದರೆ ಶಾಲೆ ಮಗುವಿದ್ದಲ್ಲಿಗೆ ಹೋಗಬೇಕು ಅನ್ನೋ ಹಟ ಆ ಹೆಸರಲ್ಲೇ ಇದೆ.

ಆ ಹೆಸರನ್ನ ಸರ್ಕಾರ ತೆಗೆದುಕೊಂಡದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇವತ್ತು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ನಾವು ಅವನ್ನ ಉಪ್ಪಿಟ್ಟು, ಮೊಟ್ಟೆ, ತೂಕದ ತಕ್ಕಡಿ ಇರೋ ಜಾಗ ಅಂತ ನೋಡ್ತೀವೇ ಹೊರತು ಪ್ಯಾರಿಸ್, ರೋಮ್, ಅಡ್ಯಾರ್, ಬೋರ್ಡಿ ದಾಟಿ ಬಂದ ಒಂದು ವಿದ್ಯೆ ಅಲ್ಲಿ ಚಾಪೆ ಹಾಸಿ ಕೂತಿದೆ ಅಂತ ಯಾರು ನೋಡ್ತೀವಿ?

ಹಾಗಂತ ಎಲ್ಲ ಹೊರಗಿನಿಂದಲೇ ಬಂತು ಅಂದರೆ ನಮ್ಮವ್ವನಿಗೆ ಅನ್ಯಾಯ ಮಾಡಿದ ಹಾಗೆ. ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನ ಬೋರಲು ಹಾಕಿ, ಎಣ್ಣೆ ನೀವಿ ನೀರು ಎರೆಯೋದು ಚರ್ಮಕ್ಕೂ ಕೀಲಿಗೂ ಪಾಠವೇ. ತೊಟ್ಟಿಲ ಮೇಲೆ ಕಟ್ಟೋ ಬಣ್ಣದ ಗಿಳಿ ಕಣ್ಣಿಗೆ. ಹಸುಗೂಸಿಗೆ ಒಂದು ಗೇಣು ದೂರದ ಆಸುಪಾಸಿನಲ್ಲಿ ಇರೋದು ಮಾತ್ರ ಸ್ಪಷ್ಟ. ಎದೆಗೆ ಹಾಕಿಕೊಂಡಾಗ ತಾಯಿ ಮುಖ ಇರೋದೂ ಸುಮಾರು ಅಷ್ಟೇ ದೂರ. ಕಾಲ್ಗೆಜ್ಜೆ ಹಾಕಿದ ಮಗು ತನ್ನ ಹೆಜ್ಜೆಯ ಸದ್ದನ್ನ ತಾನೇ ಕೇಳಿ ಇನ್ನೊಂದು ಹೆಜ್ಜೆ ಇಡುತ್ತೆ. ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿ, ಮೂರು ಗಾಲಿಯ ತಳ್ಳುಗಾಡಿ, ಕಣ್ಣಾಮುಚ್ಚಾಲೆ, ಅಂಗೈ ಮೇಲೆ ಬೆರಳಿಟ್ಟು ಲೆಕ್ಕ ಹಾಕ್ತಾ ಕೊನೆಗೆ ಕಂಕುಳಿಗೆ ಕಚಗುಳಿ ಇಡೋ ಆಟ, ಎಲ್ಲವೂ ಇಂದ್ರಿಯದ ಶಾಲೆಯೇ. ಇವುಗಳಲ್ಲಿ ಕೊರತೆ ಇರಲಿಲ್ಲ. ಇದ್ದ ಕೊರತೆ ಒಂದೇ: ಎಲ್ಲ ಮಕ್ಕಳಿಗೂ ಎಲ್ಲ ಸಮನಾಗಿ ಕೇಳ್ತಿದೆ, ಕಾಣ್ತಿದೆ ಅಂತ ನಾವು ನಂಬಿದ್ದು. ಮಾತು ಬರಲಿಲ್ಲ ಅಂದರೆ ನಾಲಗೆ ತಿದ್ದೋಕೆ ಹೋದೆವು. ಮಾತು ಒಳಗೆ ಹೋಗೋ ದಾರಿ ಕಿವಿ ಅನ್ನೋದನ್ನ ಮರೆತೆವು.

ಆ ದಾರಿ ಎಷ್ಟು ಬೇಗ ಕೆಲಸ ಶುರು ಮಾಡುತ್ತೆ ಅನ್ನೋದಕ್ಕೆ ಒಂದು ಪ್ರಯೋಗ ಹೇಳ್ತೀನಿ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅನ್ನೋ ಕೆನಡಾದ ವಿಜ್ಞಾನಿಗಳು ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ಟ ಮತ್ತು ತ ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. ಆರರಿಂದ ಎಂಟು ತಿಂಗಳ ಕೂಸುಗಳು ಎರಡನ್ನೂ ಬೇರೆ ಅಂತ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಮನೆಯಲ್ಲಿ ಕೇಳದ ಸದ್ದನ್ನ ಮಗುವಿನ ಮಿದುಳು ಒಂದು ವರ್ಷದೊಳಗೇ ಪಕ್ಕಕ್ಕೆ ಇಡೋಕೆ ಶುರು ಮಾಡುತ್ತೆ. ಇದನ್ನ ಓದಿದಾಗ ನನಗೆ ಹೊಳೆದದ್ದು ನಮ್ಮ ಸ. ಕೇಳಲೇ ಇಲ್ಲದ ಅಕ್ಷರ ಬಾಯಿಗೆ ಬರೋದಾದರೂ ಹೇಗೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಜನರ ಬಾಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್. ಇಡೀ ದೇಶದಿಂದ ಅಲ್ಲಿಗೆ ಬರ್ತಾರೆ, ನಾವು ಮಾತ್ರ ನೂರಿಪ್ಪತ್ತು ಕಿಲೋಮೀಟರು ದಾಟೋಕೆ ಮೂರು ವರ್ಷ ತೆಗೆದುಕೊಂಡೆವು. ಪರೀಕ್ಷೆ ಆದ ಮೇಲೆ ಅಲ್ಲಿನ ಮೇಡಂ ಒಂದು ಹಾಳೆಯ ಮೇಲೆ ಗೆರೆ ತೋರಿಸಿದರು. ಎಡಗಡೆ ದಪ್ಪ ದನಿಗಳು: ರೈಲು, ಟ್ರ್ಯಾಕ್ಟರ್, ತಮಟೆ, ಅ, ಒ. ಅಲ್ಲಿ ಗೆರೆ ಮೇಲೇ ಇತ್ತು. ಬಲಗಡೆ ಸಣ್ಣ ದನಿಗಳು: ಪಿಸುಮಾತು, ಹಕ್ಕಿ, ಸ, ಶ. ಅಲ್ಲಿಗೆ ಬರುತ್ತಿದ್ದ ಹಾಗೆ ಗೆರೆ ಬಾವಿಗೆ ಹಗ್ಗ ಬಿಟ್ಟ ಹಾಗೆ ಕೆಳಗೆ ಇಳಿದಿತ್ತು. ರಾಗಿ ಸದ್ದೂ ಆ ಬಾವಿಯಲ್ಲೇ ಬಿದ್ದಿತ್ತು. ತಂಗಿ ಹಾಳೆ ನೋಡಿ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಬರ್ತಾ ಚನ್ನರಾಯಪಟ್ಟಣ ದಾಟಿದ ಮೇಲೆ ಅಂದಳು: "ಅಣ್ಣ, ಇವನು ಮೊ-ಅಳೆ ಅಂದಾಗ ನಾವು ನಗ್ತಿದ್ದೆವಲ್ಲ, ಅವನಿಗೆ ಕೇಳಿದ್ದನ್ನೇ ಅವನು ಹೇಳ್ತಿದ್ದದ್ದು." ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅದಕ್ಕೇ ಇಷ್ಟು ಹೇಳಿಬಿಡ್ತೀನಿ, ನಿಮ್ಮ ಮನೆಯಲ್ಲೂ ಪುಟ್ಟ ಮಗು ಇರಬಹುದು. ಕೂಸು ಮಲಗಿದ್ದಾಗಲೇ ಕಿವಿಗೆ ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮಾಡೋ ಪರೀಕ್ಷೆ ಇದೆ, ನೋವಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಅನುಮಾನ ಇದ್ದರೆ ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನೋದು ಡಾಕ್ಟರುಗಳ ಲೆಕ್ಕ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನ ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು, ಅದರ ಪಟ್ಟಿಯಲ್ಲಿ ಕಿವುಡೂ ಇದೆ. ಜೋರು ಸದ್ದಿಗೆ ತಿರುಗಿದ ಅಂದ ಮಾತ್ರಕ್ಕೆ ಕಿವಿ ಚೆನ್ನಾಗಿದೆ ಅಂತಲ್ಲ. ಮಾತು ತಡವಾಗೋಕೆ ಬೇರೆ ನೂರು ಕಾರಣ ಇರಬಹುದು. ಆದರೂ ಮೊದಲು ಕಿವಿ ನೋಡಿಸಿ, ಬಜೆ ಆಮೇಲೆ ಇರಲಿ. ಎಣ್ಣೆಯನ್ನಂತೂ ಕಿವಿಯೊಳಗೆ ಬಿಡಬೇಡಿ.

ಹುಡುಗನಿಗೆ ಈಗ ಏಳು. ಎರಡು ಕಿವಿ ಹಿಂದೆಯೂ ಬಟಾಣಿ ಸಿಪ್ಪೆಯಷ್ಟು ದೊಡ್ಡ ಮಿಷನ್ನು. ಸ ಬರುತ್ತೆ, ಸ್ವಲ್ಪ ಗಾಳಿ ಸೇರಿಸಿಕೊಂಡು ಬರುತ್ತೆ. ಮೂರು ವರ್ಷ ಬೇಗ ಹೋಗಿದ್ದರೆ ಇನ್ನೂ ಚೆನ್ನಾಗಿ ಬರ್ತಿತ್ತು ಅಂತ ನಮಗೂ ಗೊತ್ತು, ಡಾಕ್ಟರಿಗೂ ಗೊತ್ತು, ಯಾರೂ ಹೇಳಲ್ಲ.

ಹೋದ ತಿಂಗಳು ಅವನನ್ನ ಕರೆದುಕೊಂಡು ದೇವಸ್ಥಾನಕ್ಕೆ ಹೋಗಿದ್ದೆ. ಕ್ರಿ.ಶ. 1200ರ ಸುಮಾರಿಗೆ, ಎರಡನೇ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ನಾಗೇಶ್ವರ ಒಂದು, ಚೆನ್ನಕೇಶವ ಇನ್ನೊಂದು. ಅಕ್ಕಪಕ್ಕದಲ್ಲೇ ನಿಂತ ಅವಳಿ ಗುಡಿಗಳು, ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಒಳಗೆ ಹೋದ ಮೇಲೇ ಒಂದರಲ್ಲಿ ಶಿವ, ಇನ್ನೊಂದರಲ್ಲಿ ವಿಷ್ಣು. ಹುಡುಗ ತಿರುಗಣೆಯಲ್ಲಿ ಕಡೆದ ನುಣ್ಣನೆ ಕಂಬವನ್ನ ಕೈಯಿಂದ ಸವರಿದ, ಕೆನ್ನೆ ಇಟ್ಟ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಆಮೇಲೆ ಹೊರಗೆ ಬಂದು ಎರಡೂ ಗುಡಿಯನ್ನ ನೋಡಿ, "ಮಾಮ, ಟೀಚರ್ ಡಬ್ಬಿ ಥರ ಇದೆ" ಅಂದ.

"ಹೌದಲ್ಲವಾ," ಅಂದೆ. "ಅಲ್ಲಾಡಿಸೋಕೆ ಆಗಲ್ಲ ಅಷ್ಟೆ."

ಅವನು ಜೋರಾಗಿ ನಕ್ಕ. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಈ ಸಲ ಅವನು ಓಡಲಿಲ್ಲ. ಬೇಲಿಯಲ್ಲಿ ಯಾವುದೋ ಸಣ್ಣ ಹಕ್ಕಿ ಕೂಗ್ತಾ ಇತ್ತು, ಅದೆಲ್ಲಿದೆ ಅಂತ ಹುಡುಕ್ತಾ ಇದ್ದ.